ಹಣ್ಣುಹುಳದ ರಾತ್ರಿ

ಶಿಡ್ಲಘಟ್ಟದ ಗೂಡು ಮಾರುಕಟ್ಟೆಯ ಗೇಟಿನಲ್ಲಿ
ಒಂದೇ ಬೆಳಿಗ್ಗೆ ಮುನ್ನೂರ ಹನ್ನೆರಡು ಕರಪತ್ರ ಹಂಚಿದ್ದೆ.
ಲೆಕ್ಕ ಇಟ್ಟಿದ್ದೆ ನೋಡಿ, ಅಲ್ಲೇ ಎಡವಿದ್ದು.
ಕೆಂಪು ಅಕ್ಷರ: ಆ ದಿನ ಹತ್ತಿರವಿದೆ, ಸಿದ್ಧರಿದ್ದೀರಾ?
ಕೆಳಗೆ ನಮ್ಮ ಸಭೆಯ ವಿಳಾಸ.
ರೀಲರ್ ಒಬ್ಬ ಅದರ ಬೆನ್ನಿಗೆ ಲಾಟಿನ ನಂಬರು ಗೀಚಿಕೊಂಡ.
ಟೀ ಅಂಗಡಿ ಹುಡುಗ ಅದರಲ್ಲೇ ಬೋಂಡಾ ಕಟ್ಟಿಕೊಟ್ಟ,
ನನಗೇ ಕಟ್ಟಿಕೊಟ್ಟ.
ಎಣ್ಣೆ ಹೀರಿದ 'ಸಿದ್ಧ'ದ ಮೂಲಕ
ಬೀದಿಯ ಬಿಸಿಲು ಆಚೆಯಿಂದ ಕಾಣುತ್ತಿತ್ತು.

ಆ ವಾರವೇ ಪಾದ್ರಿಯವರು ಅಂದರು:
ಬಂಡಪಲ್ಲಿಯ ಸಮಾಧಾನಮ್ಮ
ಎರಡು ಭಾನುವಾರದಿಂದ ಆರಾಧನೆಗೆ ಬಂದಿಲ್ಲ,
ಹೋಗಿ ಮೆಲ್ಲಗೆ ಎಚ್ಚರಿಸಿ ಬಾ.
ಎಚ್ಚರಿಸುವುದು ನನಗೆ ಇಷ್ಟದ ಕೆಲಸ.
ಸಂಜೆ ಬಸ್ಸು ಹತ್ತಿದೆ.

ಅವಳು ನನಗೆ ಕೂರಲು ಸೊಪ್ಪಿನ ಮೂಟೆ ತೋರಿಸಿದಳು.
'ನಾಲ್ಕನೇ ಜ್ವರ ಎದ್ದು ಏಳು ದಿನ ಆಯ್ತಪ್ಪ,
ಇವತ್ತೋ ನಾಳೆಯೋ. ಗಂಟೆ ಯಾರ್ ಕಂಡೋರು?'
ತಟ್ಟೆ ತಟ್ಟೆಗಳಲ್ಲಿ ಹುಳ ಮೇಯುತ್ತಿದ್ದವು,
ಗಂಜಿ ಹಾಕಿದ ಸೀರೆ ಯಾರೋ
ಬಿಡದೆ ಮಡಿಸುತ್ತಿರುವಂಥ ಸದ್ದು.
ಅವಳ ಮುಂದೆ ಕಡೇ ಕಾಲದ ಗುರುತುಗಳನ್ನು
ಒಂದೊಂದಾಗಿ ವಿವರಿಸಲು ಶುರು ಮಾಡಿದೆ.
ನಾಲ್ಕನೆಯದಕ್ಕೆ ನಿದ್ದೆ ಹೋದೆ.

'ಏಳಪ್ಪಾ!'
ಎರಡೂವರೆ ಇರಬೇಕು. ಆ ಸದ್ದು ನಿಂತಿತ್ತು.
ಸೊಪ್ಪು ಬಿಟ್ಟು ಹುಳಗಳೆಲ್ಲ ತಲೆ ಎತ್ತಿ
ಗಾಳಿಯಲ್ಲಿ ಏನನ್ನೋ ತಡಕುತ್ತಿದ್ದವು.
ಈಗ ಆಯ್ದು ಚಂದ್ರಿಕೆಗೆ ಬಿಡದಿದ್ದರೆ
ಕಸದಲ್ಲೇ ನೂಲು ಸುರಿದುಬಿಡುತ್ತವಂತೆ.
ಅವಳು ಆಗಲೇ ಬೀದಿಯಲ್ಲಿದ್ದಳು,
ಚಪ್ಪಲಿ ಇಲ್ಲದೆ, ಕೈಯಲ್ಲಿ ಟಾರ್ಚು:
'ಮುನಿನಂಜಮ್ಮೋ, ಹಣ್ಣಾದವು!
ಪ್ಯಾರೀಜಾನ್, ಸೊಸೇನೂ ಕರಕೊಂಡು ಬಾರೇ!'
ಬೈಯುತ್ತಾ ಬಂದರು. ಆಕಳಿಸುತ್ತಾ ಬಂದರು.
ಬಾರದವರು ಯಾರೂ ಇರಲಿಲ್ಲ;
ಅವರ ಮನೆಯ ಇಂಥ ರಾತ್ರಿಗಳಿಗೆ ಇವಳೂ ಹೋದವಳು.

ನನ್ನ ಅಂಗೈಗೂ ಒಂದು ಹುಳ ಬಂತು.
ಬಲ್ಬಿಗೆ ಹಿಡಿದೆ.
ಬೋಂಡಾದ ಆ ಕಾಗದದ ಹಾಗೆ
ಒಳಗೆಲ್ಲಾ ಬೆಳಕು.

ಪ್ಯಾರೀಜಾನಳ ಸೊಸೆ ಕೇಳಿದಳು, ಹೊಸಬಳು, ಚಿಂತಾಮಣಿ ಕಡೆಯವಳು:
'ಅವ್ವಾ, ಯಾವಾಗ ನೋಡಿದ್ರೂ ನಿಮ್ಮನೆ ದೀಪ ಉರೀತಿರ್ತದೆ.
ಹುಳ ಇಲ್ದೇ ಇದ್ದಾಗ್ಲೂ. ಯಾರ್ನ ಕಾಯ್ತೀರಾ?'

ಸಮಾಧಾನಮ್ಮನ ಕೈ ನಿಲ್ಲಲಿಲ್ಲ.
'ನನ್ ಗಂಡನ್ನ ಮಣ್ಣು ಮಾಡಿದ ರಾತ್ರಿ
ಒಬ್ಬನು ಬಂದು ಪಕ್ಕದಲ್ಲಿ ಕೂತಿದ್ದ ಕಣಮ್ಮ.
ಹೆಂಗೆ ಅಂತ ಕೇಳ್ಬೇಡ, ಹೇಳಾಕ್ ಬರಲ್ಲ.
ಯೇಸಪ್ಪ. ತಿರ್ಗಾ ಬತ್ತೀನಿ ಅಂದೋನು,
ಮಾತು ತಪ್ಪೋನಲ್ಲ.
ಬಂದಾಗ ನಾನು ಗೊರಕೆ ಹೊಡೀತಾ ಇರಬಾರ್ದಲ್ವಾ?
ಎದ್ದಿದ್ದ ಮೇಲೆ ಸುಮ್ನೆ ಯಾಕ್ ಕೂರೋದು ಅಂತ
ಹುಳ ಸಾಕ್ದೆ.'

ಎಲ್ಲರೂ ನಕ್ಕರು. ನಾನು ನಗಲಿಲ್ಲ,
ನನ್ನ ಚೀಲದಲ್ಲಿ ಇಂಥ ಮಾತು ಒಂದೂ ಅಚ್ಚಾಗಿರಲಿಲ್ಲ.

ಮುನಿನಂಜಮ್ಮನ ಮಗಳು, ಎಂಟನೇ ಕ್ಲಾಸು, ಚುರುಕು:
'ಹುಳ ಸಿದ್ಧ ಆಗಿ ಏನಜ್ಜಿ ಬಂತು?
ಕೊನೇಗೆ ಕುದಿಯೋ ನೀರೇ ತಾನೇ?'
ಮುದುಕಿ ಒಂದು ಗಳಿಗೆ ಸುಮ್ಮನಾದಳು.
'ಹೌದು ಮಗಾ.
ಹೋಲಿಕೆನೂ ನೂಲಿದ್ದಂಗೆ,
ಜಾಸ್ತಿ ಎಳೆದರೆ ಕಡೀತದೆ.'

ಕೊನೆಯ ಚಂದ್ರಿಕೆ ಗೋಡೆಗೆ ಒರಗಿಸಿ
ಮುನಿನಂಜಮ್ಮ ಸೆರಗು ಕೊಡವಿಕೊಂಡಳು.
ಹಣೆಯ ಕುಂಕುಮ ಬೆವರಿಗೆ ಇಳಿದಿತ್ತು.
ಬಾಗಿಲಲ್ಲಿ ನಿಂತು, ತಮಾಷೆಗೋ ನಿಜಕ್ಕೋ ತಿಳಿಯದ ದನಿಯಲ್ಲಿ ಅಂದಳು:
'ಅಕ್ಕಾ, ಆ ನಿಮ್ಮೋನು ಬಂದ್ರೆ
ನೀನೊಬ್ಬಳೇ ಹೊಂಟೋಗ್ಬೇಡ.
ನಮ್ ಬಾಗ್ಲೂ ಬಡಿ.'

'ಬಡೀತಾನೇ ಇದೀನಲ್ಲೇ,' ಅಂದಳು ಇವಳು.

ಮೂಡಲ ದಿಕ್ಕು ಇನ್ನೂ ಕಪ್ಪಗೇ ಇತ್ತು.
ಎಲ್ಲೋ ಕೋಳಿ ಕೂಗಿತು.
ಅಷ್ಟು ಹೊತ್ತೂ ನಾನು
ಒಂದು ಮಾತೂ ಆಡಿರಲಿಲ್ಲ.